ನಮ್ಮದಲ್ಲ ಎಂದು ಬರೆದವನು

ಧನಕವಡಿಯ ಈರಬಸಪ್ಪ ಮೂವತ್ತೊಂದು ವರ್ಷ ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಡತಿಯಲ್ಲಿ ತೂಕದ ಗುಮಾಸ್ತನಾಗಿದ್ದ. ತೂಕದ ಗುಮಾಸ್ತನೆಂದರೆ ಕಾಟಾದ ಪಕ್ಕ ನಿಂತು, ಚೀಲ ಏರಿದ ಹಾಗೆ ತೂಕ ಕೂಗುವವನು. ಒಳಗೆ ಕೂತವನು ಕೇಳಿಸಿಕೊಂಡು ಬರೆಯಬೇಕು. ಲಾರಿ ಗದ್ದಲ, ಹಮಾಲರ ಬೈಗುಳ, ಮೆಣಸಿನಕಾಯಿ ಘಾಟು, ಇಷ್ಟರ ನಡುವೆ ಬೇರೆಯವರು ಸೀನುತ್ತ ಕಣ್ಣೊರೆಸುತ್ತ ನಿಂತರೆ ಇವನ ದನಿ ಮಾತ್ರ ನಾಲ್ಕು ಅಂಗಡಿ ಆಚೆಗೂ ಖಣಖಣ ಕೇಳಿಸುತ್ತಿತ್ತು. ಅದೇ ದನಿಯನ್ನು ಸೋಮವಾರ ಸಂಜೆ ಬಸ್ಸು ಹತ್ತಿಸಿಕೊಂಡು ಕೊಂಢವಾಕ್ಕೆ ಒಯ್ದು, ನಿಜಲಿಂಗಪ್ಪನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ತತ್ವಪದ ಹಾಡುತ್ತಿದ್ದ. ಇಂಡಿ ಕಡೆಯಿಂದ, ಜತ್ತಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತ ಹತ್ತು ಹನ್ನೆರಡು ಮಂದಿಯ ಭಜನಾ ಮೇಳ ಅದು. ನಿಜಲಿಂಗಪ್ಪ ಹಿರಿಯ, ಈರಬಸಪ್ಪ ಮುಂದಿನ ದನಿ.

ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಟಕ್ಕೆಂದು ಕತ್ತಿನಲ್ಲಿ ಒಂದು ತೂತು ಮಾಡಿದರು. ಜೀವ ಉಳಿಯಿತು. ತೂತಿನ ಮೇಲೆ ಅವನ ಹೆಂಡತಿ ಶಿವಬಸವ್ವ ಹಳೆಯ ಪಂಚೆ ಹರಿದು ಹೊಲಿದ ಬಟ್ಟೆ ಕಟ್ಟಿಕೊಂಡಿರುತ್ತಾನೆ. ಕತ್ತಿನ ಸುತ್ತಲಿನ ಚರ್ಮಕ್ಕೆ ಈಗ ಏನೂ ತಿಳಿಯುವುದಿಲ್ಲ. ಗಡ್ಡ ಹೆರೆಯುವಾಗ ಬ್ಲೇಡು ತಾಗಿ ರಕ್ತ ಬಂದರೂ ಕನ್ನಡಿಯಲ್ಲಿ ನೋಡಿದ ಮೇಲೆಯೇ ಗೊತ್ತು. ಮೊದಮೊದಲು ಅದಕ್ಕೆ ಹೆದರುತ್ತಿದ್ದ. ಆಮೇಲೆ ರೂಢಿಯಾಯಿತು. ರೂಢಿ ಕತ್ತಿನಿಂದ ಶುರುವಾಗಿ ಮೆಲ್ಲಗೆ ಒಳಕ್ಕೂ ಇಳಿಯಿತು ಎಂದರೆ ತಪ್ಪಿಲ್ಲ. ಊಟ ಕೊಟ್ಟರೆ ಉಣ್ಣುತ್ತಾನೆ, ಕರೆದರೆ ಏಳುತ್ತಾನೆ. ಕತ್ತಿಗೆ ಹಿಡಿದು ಮಾತಾಡುವ ಮಶಿನ್ನು ತಂದುಕೊಟ್ಟರು. ಒಂದು ದಿನ ಹಿಡಿದು ನೋಡಿದ. ಹಿಟ್ಟಿನ ಗಿರಣಿ ಮಾತಾಡಿದ ಹಾಗಾಯಿತು. ಎತ್ತಿ ಕಪಾಟಿನಲ್ಲಿಟ್ಟ. ಹೇಳುವುದಿದ್ದರೆ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾನೆ. ಮೂರನೇ ಇಯತ್ತೆಗೆ ಬಿಟ್ಟ ಪಾಟಿ ಐವತ್ತೊಂಬತ್ತಕ್ಕೆ ಮತ್ತೆ ಕೈಗೆ ಬಂದಿತ್ತು.

ಹಾಡುವ ದನಿ ಇನ್ನು ಉಳಿದದ್ದು ಒಂದೇ ಕಡೆ, ಮಗಳು ತ್ರಿವೇಣಿಯ ಚಾನೆಲ್ಲಿನಲ್ಲಿ. ಕಾಲೇಜಿನ ಎದುರು ಒಂದು ಝೆರಾಕ್ಸ್ ಅಂಗಡಿಯಲ್ಲಿ ಅವಳದು ಕೆಲಸ. ಪ್ರವೇಶದ ಫಾರ್ಮು, ಜಾತಿ ದಾಖಲೆಯ ಫಾರ್ಮು, ಪರೀಕ್ಷೆ ಫಾರ್ಮು ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಡುತ್ತಾಳೆ. ಆರು ವರ್ಷ ಬಿಡುವು ಸಿಕ್ಕ ಸೋಮವಾರ ಅಪ್ಪನ ಜೊತೆ ಹೋಗಿ, ಪೇಂಟಿನ ಡಬ್ಬಿಗೆ ಮೊಬೈಲ್ ಒರಗಿಸಿಟ್ಟು ಭಜನೆ ಹಿಡಿದು, ಜಾಲಕ್ಕೆ ಏರಿಸುತ್ತಿದ್ದಳು. ಹಾಗೆ ಅರವತ್ತೆರಡು ವಿಡಿಯೋ ಆದವು. ಹಿಡಿದ ಮೊಬೈಲನ್ನು ಕೊಟ್ಟು ಹೊಸದು ತಂದಾಗ, ಎಲ್ಲ ಮೇಲೆ ಇವೆಯಲ್ಲ ಎಂದುಕೊಂಡು ಒಂದನ್ನೂ ಇಳಿಸಿಡಲಿಲ್ಲ.

ಅರವತ್ತಮೂರನೆಯದು ಬೇರೆ. ಅದು ಕ್ಯಾಸೆಟ್ಟು. ಈರಬಸಪ್ಪ ಮೂವತ್ತೈದರ ಹರಯದಲ್ಲಿದ್ದಾಗ ಸೊಲ್ಲಾಪುರದ ಒಂದು ಕ್ಯಾಸೆಟ್ ಕಂಪನಿಯವರು ಕರೆದೊಯ್ದು, ಗಾಜಿನ ಕೋಣೆಯಲ್ಲಿ ನಿಲ್ಲಿಸಿ ಎಂಟು ಪದ ಹಾಡಿಸಿದ್ದರು. ಕಾಗದಕ್ಕೆ ಸಹಿಯನ್ನೂ ಮಾಡಿಸಿಕೊಂಡಿದ್ದರು. ಆ ಕ್ಯಾಸೆಟ್ಟಿನ ದನಿ ಕೇಳಿದವರು ಇವನೇ ಅವನೆಂದರೆ ನಂಬುತ್ತಿರಲಿಲ್ಲ. ಟೇಪು ಸುತ್ತಿಕೊಂಡು ಹಾಳಾಗುವ ಮೊದಲು ತ್ರಿವೇಣಿ ಅದನ್ನು ಅಂಗಡಿಯ ಕಂಪ್ಯೂಟರಿಗೆ ತುಂಬಿ, ಕವರಿನ ಫೋಟೋ ಅಂಟಿಸಿ, ಪೂರ್ತಿ ನಲವತ್ತು ನಿಮಿಷವನ್ನೂ ಚಾನೆಲ್ಲಿಗೆ ಹಾಕಿದ್ದಳು.

ದನಿ ಹೋದ ಮೇಲೂ ಈರಬಸಪ್ಪ ಮೇಳ ಬಿಡಲಿಲ್ಲ. ತಾಳ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ. ಮುಂದಿನ ದನಿ ಈಗ ಅಂಬಾಳದು. ನಿಜಲಿಂಗಪ್ಪನ ಅಂಗಡಿಯ ಪಕ್ಕದಲ್ಲೇ ಬ್ಲೌಸು ಹೊಲಿಯುವ ಹೆಂಗಸು, ನಲವತ್ತರ ಆಸುಪಾಸು. ಅವಳಿಗೆ ಪದಗಳು ಬಂದದ್ದೆಲ್ಲ ಆ ವಿಡಿಯೋಗಳಿಂದ. ಮಶಿನ್ನು ತುಳಿಯುತ್ತ ಕೇಳುವಳು, ಸೋಮವಾರ ಹಾಡುವಳು. ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು ಎಂದು ಈರಬಸಪ್ಪ ಬಾಯಿಬಿಟ್ಟು ಹೇಳಲಾರ. ಮೊಬೈಲಿನಲ್ಲಿ ಆ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದ. ಅವನು ಇನ್ನೂ ಒಂದು ಕೆಲಸಕ್ಕೆ ಬರುತ್ತಾನೆ ಎಂದಿದ್ದರೆ ಅದಿಷ್ಟೇ. ನೂರರ ಹತ್ತಿರ ಪದ ಅವನ ತಲೆಯಲ್ಲಿದ್ದವು. ಹೊರಗೆ ಬರುವ ಬಾಗಿಲು ಆ ಚಾನೆಲ್ಲು ಒಂದೇ.

ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಹಾಡುವ ಮೊದಲು ಮುಂದಿನ ದನಿಯವನು ನೆಲ ಮುಟ್ಟಿ ‘ನಮ್ಮದಲ್ಲ, ಹಿರಿಯರದು’ ಎನ್ನಬೇಕು. ಬಾಯಿತಪ್ಪಿ ಯಾರಾದರೂ ‘ನನ್ನ ಪದ’ ಎಂದರೆ ಮುಂದಿನ ಸೋಮವಾರ ಒಂದು ತೆಂಗಿನಕಾಯಿ ದಂಡ. ಒಮ್ಮೆ ಬೇರೆ ಮೇಳದವನೊಬ್ಬ ಬಂದು, ಇದು ನನ್ನ ಪದ, ಬೇರೆಯವರು ಹಾಡಬಾರದು ಎಂದನಂತೆ. ನಿಜಲಿಂಗಪ್ಪ ಕಾಯಿಯನ್ನೂ ಕೇಳಲಿಲ್ಲ, ಚಪ್ಪಲಿ ಎಲ್ಲಿದೆ ಎಂದು ತೋರಿಸಿದ. ಆ ಕಟ್ಟಳೆಯಲ್ಲಿ ಬೆಳೆದ ಈರಬಸಪ್ಪ, ವಿಡಿಯೋ ಹಾಕುವಾಗ ಮಗಳಿಗೆ ಒಂದೊಂದರ ಕೆಳಗೂ ಬರೆಸಿದ್ದ: ‘ಇವು ನಮ್ಮವಲ್ಲ. ಹಿರಿಯರವು.’ ತ್ರಿವೇಣಿ ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿದ್ದಳು. ಬೇರೆ ಚಾನೆಲ್ಲಿನವರು ಹಾಕಿದ್ದನ್ನು ನೋಡಿ ಹಾಗೇ ಇಳಿಸಿಕೊಂಡ ಇಂಗ್ಲಿಷ್ ಸಾಲು ಅದು. ಭಕ್ತಿಗಾಗಿ ಮತ್ತು ಶಿಕ್ಷಣಕ್ಕಾಗಿ ಬಳಸಲಾಗಿದೆ, ನ್ಯಾಯವಾದ ಬಳಕೆ, ಹಕ್ಕೆಲ್ಲ ಮೂಲ ಮಾಲೀಕರದು ಎಂದು ಅದರ ಅರ್ಥ.

ಏಪ್ರಿಲ್‌ನಲ್ಲಿ ಮೊದಲ ಮೆಸೇಜು ಬಂತು. ಸೊಲ್ಲಾಪುರದ ಕಂಪನಿ ಯಾವತ್ತೋ ಮುಚ್ಚಿ, ಅದರ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಮುಂಬೈಯ ಒಂದು ಕಂಪನಿ ಕೊಂಡಿತ್ತು. ಆ ಕಂಪನಿಯ ಮಶಿನ್ನು ಜಾಲದ ತುಂಬ ಕಿವಿಯಿಟ್ಟು ಕೂತಿತ್ತು. ಕ್ಯಾಸೆಟ್ಟಿನ ವಿಡಿಯೋ ಅದಕ್ಕೆ ಮೊದಲು ಸಿಕ್ಕಿತು. ಆಮೇಲೆ ಅದೇ ಪದ, ಅದೇ ದನಿ ಎಂದು ಅಂಗಡಿಯಲ್ಲಿ ಹಿಡಿದ ಎರಡು ಭಜನೆಗಳ ಮೇಲೂ ಕೈ ಇಟ್ಟಿತು. ಮನುಷ್ಯನ ದನಿ ಮೂವತ್ತೈದರಲ್ಲೂ ಐವತ್ತೈದರಲ್ಲೂ ಅವನದೇ ಇರುತ್ತದೆಂಬ ಬುದ್ಧಿ ಮಶಿನ್ನಿಗೆ ಎಲ್ಲಿಂದ ಬರಬೇಕು, ಅದನ್ನು ಸಾಕಿದವರಿಗೇ ಇಲ್ಲ.

ಮೆಸೇಜಿನ ಜೊತೆ ಒಂದು ಫಾರ್ಮು. ತ್ರಿವೇಣಿ ಮಧ್ಯಾಹ್ನ ಊಟಕ್ಕೆ ಬಂದವಳು, ಒಂದು ಕೈಯಲ್ಲಿ ರೊಟ್ಟಿ ಒಂದು ಕೈಯಲ್ಲಿ ಮೊಬೈಲು ಹಿಡಿದು ಓದಿದಳು.

“ಅಪ್ಪಾ, ಈ ಹಾಡು ನಿಮ್ದ ಏನು ಅಂತ ಕೇಳ್ಯಾರ. ಏನ ಹಾಕಲಿ?”

ಈರಬಸಪ್ಪ ಪಾಟಿ ಎಳೆದುಕೊಂಡು ಬರೆದ: ಅಲ್ಲ. ಅದು ಸಾಲದೆಂದು ಕೆಳಗೆ ಮತ್ತೊಂದು ಸಾಲು: ಹಿರಿಯರದು.

ತ್ರಿವೇಣಿಗೆ ಕ್ಷಣ ಅನುಮಾನ ಬಂತು. ಆದರೆ ಅವಳ ಕಸುಬಿಗೊಂದು ನಿಯಮ ಇತ್ತು. ಅರ್ಜಿದಾರ ಹೇಳಿದ್ದನ್ನೇ ತುಂಬಬೇಕು, ತನ್ನದನ್ನು ಸೇರಿಸಬಾರದು. ಹಿಂದೊಮ್ಮೆ ಒಬ್ಬನ ಫಾರ್ಮಿನಲ್ಲಿ ಹುಟ್ಟಿದ ವರ್ಷ ತಿದ್ದಿ ಅಂಗಡಿ ಮುಂದೆ ದೊಡ್ಡ ರಾದ್ಧಾಂತ ಆಗಿತ್ತು. ನಮ್ಮದಲ್ಲ ಎಂಬುದರ ಎದುರು ಗುರುತು ಒತ್ತಿ ಕಳಿಸಿದಳು. ಮೂರು ವಿಡಿಯೋಗೂ ಹಾಗೇ ಒತ್ತಿದಳು. ಆಮೇಲೆ ಸಾರು ಹಾಕಿಸಿಕೊಂಡಳು.

ವಾರ ಕಳೆಯುವುದರೊಳಗೆ ಮೂರೂ ಕಪ್ಪಾದವು. ಒತ್ತಿದರೆ ಕಪ್ಪು ಪರದೆ, ಮೇಲೆ ಕಂಪನಿಯ ಹೆಸರು, ತೆಗೆಯಲಾಗಿದೆ ಎಂಬ ಒಂದು ಸಾಲು. ಚಾನೆಲ್ಲಿನಲ್ಲಿ ಉಳಿದದ್ದನ್ನಾದರೂ ಇಳಿಸಿಕೊಳ್ಳೋಣವೆಂದರೆ ಅದಕ್ಕೂ ಬೀಗ. ಕೆಳಗೆ ಇನ್ನೊಂದು ಎಚ್ಚರಿಕೆ ಇತ್ತು. ಮೂರು ತಪ್ಪಾಗಿವೆ, ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಚಾನೆಲ್ಲನ್ನೇ ಅಳಿಸಲಾಗುವುದು. ಅಂದರೆ ಅರವತ್ತಮೂರೂ.

ಈರಬಸಪ್ಪ ಆ ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ನೋಡಿದ. ಪರದೆಯಲ್ಲಿ ಕಿಟಕಿ ಕಾಣುತ್ತಿತ್ತು, ಕತ್ತಿಗೆ ಬಟ್ಟೆ ಕಟ್ಟಿದ ಒಬ್ಬ ಮನುಷ್ಯ ಕಾಣುತ್ತಿದ್ದ. ಮೊಬೈಲನ್ನು ಮಗಳಿಗೆ ಕೊಟ್ಟು ಎದ್ದು ಹೋಗಿ, ಗ್ಯಾಲರಿಯ ತುಳಸಿ ಕುಂಡಕ್ಕೆ ನೀರು ಹಾಕಿದ. ಶಿವಬಸವ್ವ ಆಗಷ್ಟೇ ಹಾಕಿದ್ದಳು. ನೀರು ತುಂಬಿ ಕೆಳಗಿನ ಮನೆಯ ಒಣಗಿಸಿದ ಬಟ್ಟೆಯ ಮೇಲೆ ಸುರಿಯಿತು. ಕೆಳಗಿನ ಮನೆಯಾಕೆ ಮರಾಠಿಯಲ್ಲಿ ಕೂಗಾಡಿದಳು. ಇವನು ತಂಬಿಗೆ ಹಿಡಿದು ನಿಂತೇ ಇದ್ದ.

“ಏನ್ರಿ, ಅಳೂದಾದ್ರ ಅಳ್ರಿ, ಬೈಯೂದಾದ್ರ ಪಾಟಿ ಮ್ಯಾಲ ಬರದು ಬೈಯ್ರಿ” ಎಂದಳು ಶಿವಬಸವ್ವ. “ಹಿಂಗ ಕಂಬ ನಿಂತಂಗ ನಿಂತ್ರ ನಾ ಏನ ತಿಳೀಲಿ?”

ಅವನಿಗೂ ತಿಳಿಯಲಿಲ್ಲ. ಅಡತಿಯಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಗೆ ಮಾಲೀಕನ ಅಂಗಿ ಹಿಡಿದವನು ಅವನು. ಆ ಸಿಟ್ಟನ್ನು ಹುಡುಕಿದ. ಬ್ಲೇಡು ತಾಗಿದ ಜಾಗವನ್ನು ಬೆರಳಿಂದ ತಡವಿದ ಹಾಗೆ, ಇರಬೇಕಾದ ಕಡೆ ಇದೆ ಅನ್ನುವುದಷ್ಟೇ ಗೊತ್ತು, ನೋವಿಲ್ಲ.

ತ್ರಿವೇಣಿ ಸುಮ್ಮನೆ ಕೂರಲಿಲ್ಲ. ಮೆಸೇಜಿನ ಕೆಳಗಿದ್ದ ನಂಬರು ಹಚ್ಚಿದಳು. ನಾಲ್ಕು ಸಲ ಕಾಯಿಸಿದ ಮೇಲೆ ಮುಂಬೈ ಕಂಪನಿಯ ಹುಡುಗಿಯೊಬ್ಬಳು ಸಿಕ್ಕಳು. ಬಲು ನಯದ ಹಿಂದಿ. ಹಾಡಿದವರು ನಮ್ಮ ಅಪ್ಪ ಎಂದು ತ್ರಿವೇಣಿ ಹೇಳಿದರೆ ಆ ಕಡೆ ಕೀಲಿ ಒತ್ತುವ ಸದ್ದು. ಮ್ಯಾಡಮ್, ಪ್ರತಿ ವಿಡಿಯೋದ ಕೆಳಗೆ ನೀವೇ ನಮ್ಮದಲ್ಲ ಅಂತ ಬರೆದಿದ್ದೀರಿ, ಹಕ್ಕೆಲ್ಲ ಮೂಲ ಮಾಲೀಕರದು ಅಂತ ಬರೆದಿದ್ದೀರಿ, ಫಾರ್ಮಿನಲ್ಲೂ ನಮ್ಮದಲ್ಲ ಅಂದಿದ್ದೀರಿ, ನಾವೇನು ಮಾಡೋಣ ಎಂದಳು. ನಿಮ್ಮ ದಿನ ಶುಭವಾಗಿರಲಿ ಎಂದೂ ಹಾರೈಸಿದಳು. ಅಷ್ಟು ನಯವಾಗಿ ಹೇಳುವವರಿಗೆ ಎದುರು ಬೈಯಲೂ ಬರುವುದಿಲ್ಲ.

ಭಾನುವಾರ ನಿಗಡಿಯಿಂದ ಶಿವಪ್ರಕಾಶ ಬಂದ. ಶಿವಬಸವ್ವನ ತವರಿನ ಕಡೆಯ ಹುಡುಗ, ಶಿವಾಜಿನಗರದಲ್ಲಿ ಒಬ್ಬ ವಕೀಲರ ಹತ್ತಿರ ಹದಿನಾಲ್ಕು ವರ್ಷದಿಂದ ಕಾರಕೂನ. ವಕೀಲರಿಗಿಂತ ಇವನಿಗೇ ಕಾಯಿದೆ ಹೆಚ್ಚು ಗೊತ್ತೆಂದು ನೆಂಟರೆಲ್ಲ ಹೇಳುತ್ತಾರೆ, ಅವನೂ ಅಲ್ಲಗಳೆಯುವುದಿಲ್ಲ. ವಿಡಿಯೋದ ಕೆಳಗಿನ ಸಾಲು ಓದಿ ಹಣೆ ಹಣೆ ಬಡಿದುಕೊಂಡ.

“ತಂಗಿ, ಇದೇನ ತಾಯತ ಅಂತ ತಿಳದೀಯೇನು? ನ್ಯಾಯವಾದ ಬಳಕೆ ಅಂತ ಬರದು ಕಟ್ಟಿಬಿಟ್ರ ದೆವ್ವ ಹತ್ರ ಬರೂದಿಲ್ಲ ಅಂತ?”

ಎಲ್ಲರೂ ಹಾಕ್ಯಾರ ಎಂದಳು ತ್ರಿವೇಣಿ. ಎಲ್ಲರದೂ ಹೋಗತಾವ ಎಂದ ಅವನು. ಆಮೇಲೆ ಸಾವಕಾಶ ಬಿಡಿಸಿ ಹೇಳಿದ. ಯಾರದೋ ಹಾಡಿನ ಎರಡು ಸಾಲು ತೆಗೆದುಕೊಂಡು ಅದರ ಬಗ್ಗೆ ಮಾತಾಡಿದರೆ, ಮಕ್ಕಳಿಗೆ ಪಾಠ ಹೇಳಿದರೆ, ಮನೆಯಲ್ಲಿ ಕೂತು ತಾನೊಬ್ಬನೇ ಕೇಳಿದರೆ ಕಾಯಿದೆ ಹೌದು ಅನ್ನಬಹುದು. ಪೂರ್ತಿ ಕ್ಯಾಸೆಟ್ಟನ್ನೇ ಎತ್ತಿ ಚೌಕದಲ್ಲಿಟ್ಟು, ಕೆಳಗೆ ಭಕ್ತಿಗಾಗಿ ಎಂದು ಬರೆದರೆ ಹೌದು ಅನ್ನುವುದಿಲ್ಲ. ಕಾಯಿದೆ ನೋಡುವುದು ಮಾಡಿದ್ದನ್ನು, ಬರೆದುಕೊಂಡದ್ದನ್ನಲ್ಲ.

ನಂತರ ಈರಬಸಪ್ಪನ ಕಡೆ ತಿರುಗಿದ. “ಕಾಕಾ, ಒಂದು ಭಜನಿಯೊಳಗ ಮೂರು ಮಾಲು ಅದಾವ್ರಿ. ಪದ ಬ್ಯಾರೆ, ಅದನ್ನ ಹಾಡಿದ್ದು ಬ್ಯಾರೆ, ಹಾಡಿದ್ದನ್ನ ಹಿಡದಿಟ್ಟದ್ದು ಬ್ಯಾರೆ. ನೀವು ಮೂರೂ ಒಂದ ಕಾಟಾದ ಮ್ಯಾಲ ಇಟ್ಟು ತೂಗೀರಿ.”

ಈರಬಸಪ್ಪ ಪಾಟಿ ಎತ್ತಿಕೊಂಡ. ಬರೆದದ್ದು ಒಂದೇ ಪದ: ಬಾರದಾನ. ಖಾಲಿ ಚೀಲದ ತೂಕಕ್ಕೆ ಯಾರ್ಡಿನಲ್ಲಿ ಅನ್ನುವ ಮಾತು. ಚೀಲದ ತೂಕ ಕಳೆಯದೆ ಮಾಲಿನ ತೂಕ ಹೇಳಿದವನು ಗುಮಾಸ್ತನೇ ಅಲ್ಲ.

“ಹಾಂ, ಅದ ನೋಡ್ರಿ” ಎಂದ ಶಿವಪ್ರಕಾಶ.

ಪದ ಕಟ್ಟಿದವರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಪದ ಎಲ್ಲರದು; ಇವು ಕಟ್ಟಿದವರು ಹೋಗಿ ಇನ್ನೂರು ವರ್ಷ ಆಗಿದೆ, ಹಾಗಾಗಿ ಅದು ಮುಂಬೈಯವರದೂ ಅಲ್ಲ. ಸೊಲ್ಲಾಪುರದಲ್ಲಿ ಹಾಡಿ ಸಹಿ ಮಾಡಿಕೊಟ್ಟದ್ದು ಕ್ಯಾಸೆಟ್ಟಿನವರದು. ಅದನ್ನು ಹಾಕಿದ್ದು ತಪ್ಪು. ಆದರೆ ನಿಜಲಿಂಗಪ್ಪನ ಅಂಗಡಿಯಲ್ಲಿ ನೀವು ಹಾಡಿ, ನಿಮ್ಮ ಮಗಳು ಹಿಡಿದ ಅರವತ್ತೆರಡೂ ನಿಮ್ಮವು. ಯಾವ ಕಂಪನಿಗೂ ಅದರ ಮೇಲೆ ಕೈ ಇಡಲು ಬರುವುದಿಲ್ಲ. ಇನ್ನೂ ಒಂದು ಫಾರ್ಮು ಇದೆ. ಅದರಲ್ಲಿ ಇವು ನಮ್ಮವು ಎಂದು ಪ್ರಮಾಣ ಮಾಡಿ, ಹೆಸರು ವಿಳಾಸ ಬರೆದು ಕಳಿಸಬೇಕು. ಹತ್ತು ಕೆಲಸದ ದಿನದೊಳಗೆ ಕಂಪನಿಯವರು ಕೋರ್ಟಿಗೆ ಹೋಗದಿದ್ದರೆ ವಿಡಿಯೋ ತಾವಾಗಿ ತಿರುಗಿ ಬರುತ್ತವೆ. ಸುಳ್ಳು ಬರೆದರೆ ಮಾತ್ರ ಕುತ್ತಿಗೆಗೆ ಬರುತ್ತದೆ ಎಂದ. ಅಂದವನು ಈರಬಸಪ್ಪನ ಕುತ್ತಿಗೆ ನೋಡಿ ನಾಲಿಗೆ ಕಚ್ಚಿಕೊಂಡ.

“ನಮ್ದು ಅಂತ ಬರೀಬೇಕು, ಕಾಕಾ. ಹಿರಿಯರದು ಗಿರಿಯರದು ಅಂತ ಒಂದ ಅಕ್ಷರ ಬರೀಬ್ಯಾಡ್ರಿ. ಮತ್ತ ಹಿಂದ ದನಿ ಕೂಡಿಸಿದವರದೂ ಒಪ್ಪಿಗಿ ಬೇಕ. ಅವರದೂ ದನಿ ಅದರಾಗ ಅದಲ್ಲ.”

ಉಳಿದದ್ದು ಮೂರು ದಿನ. ನಡುವೆ ಒಂದೇ ಸೋಮವಾರ.

ಸೋಮವಾರ ಕೊಂಢವಾದ ಆ ಕೋಣೆಯಲ್ಲಿ ತಾಳ ಬಾರಿಸುವ ಮೊದಲೇ ತ್ರಿವೇಣಿ ವಿಷಯ ಹೇಳಿದಳು. ಮಳೆನೀರಿನ ಪೈಪುಗಳ ಕಂತೆಗೆ ಒರಗಿ ಕೂತಿದ್ದ ನಿಜಲಿಂಗಪ್ಪ ಕೊನೆತನಕ ಕೇಳಿದ. ಎಪ್ಪತ್ತೆಂಟು ವರ್ಷದ ಮುದುಕ, ಈ ಮೇಳ ಕಟ್ಟಿ ನಲವತ್ತಾಗಿತ್ತು.

“ಈರಬಸಪ್ಪಾ, ನಲವತ್ತು ವರ್ಷ ನೆಲಾ ಮುಟ್ಟಿ ಒಂದು ಮಾತ ಅಂದೀವಿ. ಈಗ ಕಾಗದದ ಮ್ಯಾಲ ಅದರ ಉಲ್ಟಾ ಬರಿ ಅಂತಿ. ಹೋಗಲಿ ಬಿಡಪಾ. ನಿನ್ನ ದನಿ ಹೋತು ಅಂತ ಪದ ಹೋಗತಾವೇನು?”

ಈರಬಸಪ್ಪ ಬಳಪ ಹಿಡಿದುಕೊಂಡು ಕೂತ, ಬರೆಯಲಿಲ್ಲ. ಮುದುಕ ಹೇಳಿದ್ದರಲ್ಲಿ ತಪ್ಪು ಅವನಿಗೆ ಕಾಣಲಿಲ್ಲ. ಹೋಗುವುದಿದ್ದರೆ ಹೋಗಲಿ ಎಂದೇ ಅವನ ಒಳಗೂ ಇತ್ತು. ಕಳೆದುಕೊಳ್ಳುವುದು ಒಮ್ಮೆ ರೂಢಿಯಾದವನಿಗೆ ಎರಡನೆಯ ಸಲ ಸುಲಭ. ಮುದುಕ ಇನ್ನೊಂದು ಮಾತು ಆಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಮುದುಕ ಆಡಿದ. ಅಂಬಾಳಿಗೆ ಅರ್ಧ ಪದ ಬರುತ್ತಾವ, ಉಳಿದದ್ದು ಬಾರದಿದ್ದರೆ ಬ್ಯಾಡ, ಬಂದದ್ದನ್ನೇ ಹಾಡಿಕೊಂಡು ಹೋಗೋಣ ಎಂದ.

ಅಂಬಾ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದಿದ್ದಳು. ಅದನ್ನು ಕಿತ್ತು ಕೈಯಲ್ಲಿ ಹಿಡಿದಳು.

“ಅಜ್ಜಾರ, ಒಂದ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಪದ ಹಿರಿಯರದು, ಒಪ್ಪಿದೆ. ಆದ್ರ ಆ ವಿಡಿಯೋದಾಗ ಎರಡು ಸಾಲಿಗೊಮ್ಮೆ ಕೆಮ್ಮಿದ್ದು ಯಾರು? ಅದೂ ಹಿರಿಯರದ ಏನ್ರಿ?”

ಯಾರೋ ಕಿಸಕ್ಕೆಂದರು. ಆ ಕೆಮ್ಮು ಎಲ್ಲರಿಗೂ ಗೊತ್ತಿದ್ದದ್ದೇ. ನಿಜಲಿಂಗಪ್ಪನಿಗೆ ಸೋಮವಾರಕ್ಕೆಂದೇ ಬರುವ ಕೆಮ್ಮು.

“ಮತ್ತ ಕಪ್ಪಾಗಿ ಹೋದದ್ರಾಗ ಒಂದರಾಗ ಗಿರಾಕಿ ಬಂದು ನಡುವ ‘ಅರ್ಧಾ ಕಿಲೋ ಖಿಳೆ ದ್ಯಾ’ ಅಂದಾನ. ನೀವು ಹಾಡಾಕತ್ತಾಗನ ‘ದೋನ್ ಇಂಚೀ ಕೀ ತೀನ್ ಇಂಚೀ’ ಅಂತ ಕೇಳೀರಿ. ಆ ಸೊಲ್ಲಾಪುರದ ಕ್ಯಾಸೆಟ್ಟಿನ್ಯಾಗ ಮೊಳಿ ಮಾರಿದ್ದು ಅದ ಏನು?”

ಈಗ ನಗು ತಡೆಯಲಾಗಲಿಲ್ಲ. ಎರಡಿಂಚಿನ ಮೊಳೆಯೋ ಮೂರಿಂಚಿನದೋ ಎಂದು ತಾನು ಕೇಳಿದ್ದು ಮುದುಕನಿಗೂ ನೆನಪಿತ್ತು. ಅವನು ನಗಲಿಲ್ಲ. ಮೂಗಿನ ಮೇಲಿನ ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತ್ರಿವೇಣಿ ಮಾತ್ರ ಚುರುಕಾಗಿ ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಫಾರ್ಮಿನಲ್ಲಿ ಪುರಾವೆ ಕೇಳಿದ್ದರು. ಇದಕ್ಕಿಂತ ಪುರಾವೆ ಬೇರೆ ಏನು ಬೇಕಿತ್ತು.

“ಪದ ನಮ್ಮದಲ್ಲ” ಎಂದ ನಿಜಲಿಂಗಪ್ಪ. “ಅದನ್ನ ಬಾಯಿಲೆ ಅನ್ನೂದು ಬಿಡೂದಿಲ್ಲ. ಹಾಡಿದ ಸೋಮವಾರ ನಮ್ದು ಅಂತ ಬೇಕಾದ್ರ ಬರಕೋ. ನನ್ನ ಹೆಸರೂ ಹಾಕು. ಕೆಮ್ಮಿಗೆ.”

ತಿರುಗಿ ಬರುವಾಗ ಕಾತ್ರಜ ಚೌಕದಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ತ್ರಿವೇಣಿ ಪಕ್ಕಕ್ಕೆ ವಾಲಿ ಮೆಲ್ಲಗೆ ಹೇಳಿದಳು. ಹೆಂಗೂ ಬರೆಯುವುದೇ ಆಯಿತು, ಅರವತ್ತಮೂರಕ್ಕೂ ನಮ್ಮದೇ ಅಂತ ಬರೆದು ಬಿಡೋಣ, ಕ್ಯಾಸೆಟ್ಟಿನದಕ್ಕೂ. ಅದರಲ್ಲೂ ಹಾಡಿದವರು ನೀವೇ ತಾನೇ, ಮುಂಬೈಯಿಂದ ಯಾರು ಬಂದು ನೋಡುತ್ತಾರೆ. ಅವಳಿಗೆ ಗೊತ್ತಿತ್ತು, ಅಂಗಡಿಯ ಕಂಪ್ಯೂಟರು ಕೆಟ್ಟು ಒಳಗಿದ್ದದ್ದೆಲ್ಲ ಅಳಿಸಿ ಹೋದ ಮೇಲೆ ಆ ನಲವತ್ತು ನಿಮಿಷ ಇನ್ನೆಲ್ಲೂ ಇಲ್ಲ. ಗಡ್ಡೆ ಇಲ್ಲದ, ಘಾಟು ಹಿಡಿಯದ ಅಪ್ಪನ ದನಿ ಅದೊಂದೇ.

ಈರಬಸಪ್ಪನಿಗೂ ಗೊತ್ತಿತ್ತು. ಪಾಟಿಯನ್ನು ಮಂಡಿಯ ಮೇಲಿಟ್ಟು, ಬಸ್ಸು ಅಲುಗಾಡುತ್ತಿದ್ದುದರಿಂದ ಡೊಂಕು ಡೊಂಕಾಗಿ ಬರೆದ: ಅದು ಕೊಟ್ಟದ್ದು.

ಅವಳು ಏನೋ ಹೇಳಹೋದಳು. ಅವನು ಆ ಮೂರನೆಯ ಇಯತ್ತೆಯ ಅಕ್ಷರಗಳ ಕೆಳಗೆ ಒಂದು ಗೆರೆ ಎಳೆದು ಪಾಟಿಯನ್ನು ಅವಳ ಕಡೆ ತಿರುಗಿಸಿಟ್ಟ. ಯಾರೂ ಬಲವಂತ ಮಾಡಿರಲಿಲ್ಲ. ಗಾಜಿನ ಕೋಣೆಯಿಂದ ಹೊರಗೆ ಬಂದು, ಚಹಾ ಕುಡಿದು, ಓದಿಸಿ ಕೇಳಿ, ಸಹಿ ಹಾಕಿ ಕೊಟ್ಟಿದ್ದ. ಕೊಟ್ಟ ಮಾಲಿನ ಮೇಲೆ ಕೈ ಇಟ್ಟು ನನ್ನದು ಅಂದರೆ ಯಾರ್ಡಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ತ್ರಿವೇಣಿ ಫಾರ್ಮು ತುಂಬಿದಳು. ಅಪ್ಪನನ್ನು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿಕೊಂಡಿದ್ದಳು. ಕ್ಯಾಸೆಟ್ಟಿನ ವಿಡಿಯೋದ ಬಗ್ಗೆ, ತಪ್ಪಾಯಿತು, ಅದು ನಿಮ್ಮದೇ ಎಂದು ಕಂಪನಿಗೆ ಬರೆದಳು. ಉಳಿದ ಎರಡರ ಎದುರು, ಇಂಥ ನಿಮಿಷದಲ್ಲಿ ಗಿರಾಕಿ ಮೊಳೆ ಕೇಳುತ್ತಾನೆ, ಇಂಥ ನಿಮಿಷದಲ್ಲಿ ಹಿರಿಯರೊಬ್ಬರು ಕೆಮ್ಮುತ್ತಾರೆ, ಇವು ನಾವು ಹಾಡಿ ನಾವೇ ಹಿಡಿದವು ಎಂದು ಇಂಗ್ಲಿಷಿನಲ್ಲಿ ಬರೆದಳು. ಕೊನೆಗೆ ಪ್ರಮಾಣದ ಸಾಲು ಬಂತು. ಅದನ್ನು ಅವಳು ಕನ್ನಡ ಮಾಡಿ ಓದಿ ಹೇಳಿ, ಕೀಲಿಮಣೆಯನ್ನು ಅಪ್ಪನ ಕಡೆ ಸರಿಸಿದಳು. ಹೆಸರನ್ನು ಅವನೇ ಒತ್ತಬೇಕೆಂದು ಅವಳಿಗೆ ಯಾಕೋ ಅನ್ನಿಸಿತ್ತು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತೋರಿಸಿದಳು, ಅವನು ಒಂದೊಂದಾಗಿ ಒತ್ತಿದ. ನಡುವೆ ಒಬ್ಬ ವಿದ್ಯಾರ್ಥಿ ಬಂದು ಆಧಾರ್ ಕಾರ್ಡಿನ ಎರಡು ಝೆರಾಕ್ಸ್ ಕೇಳಿದ. ತ್ರಿವೇಣಿ ತೆಗೆದುಕೊಟ್ಟು ಬಂದಳು. ಈರಬಸಪ್ಪ ಬೆರಳನ್ನು ಮುಂದಿನ ಅಕ್ಷರದ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ.

ಹತ್ತು ಕೆಲಸದ ದಿನದಲ್ಲಿ ಎರಡು ಸೋಮವಾರ ಕಳೆದವು. ಚಾನೆಲ್ಲು ಅಳಿಸಿರಲಿಲ್ಲ. ಆದರೆ ಇವತ್ತು ಹೋದೀತು ನಾಳೆ ಹೋದೀತು ಎಂದು ಯಾರೂ ಅದನ್ನು ನೆಚ್ಚಲಿಲ್ಲ, ಕೋಣೆಯಲ್ಲಿ ಮೊಬೈಲು ಹಚ್ಚುವುದನ್ನೇ ಬಿಟ್ಟರು. ಅಂಬಾ ನೆನಪಿನಿಂದ ಹಾಡಿದಳು. ತಪ್ಪಿದರೆ ಈರಬಸಪ್ಪ ತಾಳ ನಿಲ್ಲಿಸುತ್ತಿದ್ದ, ಅವಳು ಹಿಂದಕ್ಕೆ ಹೋಗಿ ಮತ್ತೆ ಹಿಡಿಯುತ್ತಿದ್ದಳು. ಒಂದೇ ಸಾಲಿಗೆ ಏಳು ಸಲ ನಿಲ್ಲಿಸಿದ್ದೂ ಉಂಟು. ಎಂಟನೆಯ ಸಲ ಅವಳಿಗೆ ಸಿಕ್ಕಿತು, ಅವನದ್ದರ ಹಾಗಲ್ಲ, ಬೇರೆ ಹಾಗೆ. ಅವನು ನಿಲ್ಲಿಸಲಿಲ್ಲ.

ಕಂಪನಿ ಕೋರ್ಟಿಗೆ ಹೋಗಲಿಲ್ಲ. ಅವರಿಗೆ ಇಂಥವು ಸಾವಿರ, ಒಂದು ಹೋದರೆ ಇನ್ನೊಂದು. ಎರಡು ತಿಂಗಳು ಬರೆದು ತೀರುವಷ್ಟು ಬೈಗುಳ ಅವರಿಗೆ ಸಲ್ಲಬೇಕಿತ್ತು, ಯಾರೂ ಬೈಯಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಕಪ್ಪಾಗಿದ್ದ ಎರಡೂ ವಿಡಿಯೋ ತಾವಾಗಿ ತಿರುಗಿ ಬಂದಿದ್ದವು. ಎಚ್ಚರಿಕೆಯ ಸಾಲು ಹೋಗಿತ್ತು. ಕ್ಯಾಸೆಟ್ಟಿನ ಜಾಗದಲ್ಲಿ ಮಾತ್ರ ಬೂದು ಬಣ್ಣದ ಚೌಕ ಉಳಿಯಿತು.

ತ್ರಿವೇಣಿ ರಜೆ ಹಾಕಿ ಮನೆಗೆ ಬಂದಳು. ಮೊದಲು ಅರವತ್ತೆರಡನ್ನೂ ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ತುಂಬಿದಳು. ಆಮೇಲೆ ಕೆಳಗಿನ ಸಾಲುಗಳನ್ನು ಅಳಿಸಬೇಕು ಎಂದಳು, ಭಕ್ತಿಗಾಗಿ ಎಂಬುದನ್ನೂ, ಹಿರಿಯರವು ಎಂಬುದನ್ನೂ.

“ಅದರ ಜಾಗಾದಾಗ ಏನ ಹಾಕಲಿ, ಅಪ್ಪಾ?”

ಈರಬಸಪ್ಪ ಯೋಚಿಸಿದ. ಪಾಟಿಯಲ್ಲಿ ಬರೆದ, ಪದ: ಹಿರಿಯರದು. ಹಾಡಿದವರು ಎಂದು ಅದರ ಕೆಳಗೆ ಬರೆದು, ತನ್ನ ಹೆಸರು ಹಾಕಿ, ಆ ದಿನ ಯಾರು ಯಾರು ಕೂತಿದ್ದರೆಂದು ನೆನಪಿಸಿಕೊಳ್ಳತೊಡಗಿದ. ಯಾವ ವಿಡಿಯೋದಲ್ಲಿ ಯಾರಿದ್ದರು ಎಂದು ತಿಳಿಯಬೇಕಾದರೆ ಹಚ್ಚಿ ನೋಡಲೇಬೇಕು. ತ್ರಿವೇಣಿ ಮೊದಲನೆಯದನ್ನು ಹಚ್ಚಿದಳು.

ದನಿ ಎರಡು ಕೋಣೆಯನ್ನೂ ತುಂಬಿತು. ಕಿಟಕಿಯ ಗಾಜು ಸಣ್ಣಗೆ ಝುಮ್ಮೆಂದಿತು. ಈರಬಸಪ್ಪ ಕಿವಿಯಿಟ್ಟು ಕೇಳಿದ. ಚೊಲೋ ಹಾಡುತ್ತಾನೆ ಎಂದುಕೊಂಡ, ಯಾರೋ ನೆರೆಯವನನ್ನು ಮೆಚ್ಚಿದ ಹಾಗೆ. ನಮ್ಮದು ಎಂದು ಪ್ರಮಾಣ ಮಾಡಿ ಹೆಸರು ಒತ್ತಿ ಬಿಡಿಸಿಕೊಂಡು ಬಂದ ದನಿ. ಅದು ತನ್ನದೆಂದು ಅನ್ನಿಸಲೆಂದು ಸ್ವಲ್ಪ ಹೊತ್ತು ಕಾದ. ಅನ್ನಿಸಲಿಲ್ಲ.

“ಏ ತ್ರಿವೇಣಿ, ಸ್ವಲ್ಪ ಸಣ್ಣ ಮಾಡ” ಎಂದು ಒಳಗಿಂದ ಶಿವಬಸವ್ವ ಕೂಗಿದಳು. “ಕುಕ್ಕರಿನ ಸೀಟಿ ಎಷ್ಟಾದವು ತಿಳೀವಲ್ದು.”

ತ್ರಿವೇಣಿ ಸಣ್ಣ ಮಾಡಿದಳು. ಈರಬಸಪ್ಪ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿ, ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುತ್ತಿದ್ದವನು ಯಾರೆಂದು ನೋಡಿ, ಅವನ ಹೆಸರು ಬರೆದ.